ಕಣ್ಣಿನ ಲೋಗೊ, ಕ್ಯಾಮೆರಾಗೆ ಬೀಗ

'ಮಜಾ ಇಲ್ಲದಿದ್ದರೆ ಅದು ಟಿವಿಯೇ ಅಲ್ಲ.' ಜಪಾನಿನ ಫುಜಿ ಟಿವಿಯ ಈ ಘೋಷವಾಕ್ಯಕ್ಕೆ 2025ರ ಏಪ್ರಿಲ್ 30ರಂದು ನಿವೃತ್ತಿ ಸಿಕ್ಕಿತು. ಹೆಸರಾಂತ ನಿರೂಪಕನೊಬ್ಬನ ಲೈಂಗಿಕ ದೌರ್ಜನ್ಯದ ಹಗರಣ ಹೊರಬಿದ್ದ ಮೇಲೆ, ಇನ್ನು ಈ ಮನೋಭಾವ ಬಿಡುತ್ತೇವೆ ಅಂತ ಚಾನೆಲ್ಲಿನ ಹೊಸ ಅಧ್ಯಕ್ಷರು ಹೇಳಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು, ಅಷ್ಟೇ.

ಆದರೂ ಆ ವಾಕ್ಯಕ್ಕೆ ಒಂದು ಕೈಮುಗಿಯಲೇಬೇಕು. 1959ರಲ್ಲಿ ಪ್ರಸಾರ ಶುರು ಮಾಡಿದ ಈ ಚಾನೆಲ್ ಒಂದು ಕಾಲದಲ್ಲಿ 'ಅಮ್ಮ ಮಕ್ಕಳ ಫುಜಿ ಟಿವಿ' ಅಂತ ಹೇಳಿಕೊಳ್ಳುತ್ತಿತ್ತು. ಅಮ್ಮನನ್ನೂ ಮಕ್ಕಳನ್ನೂ ಪಕ್ಕಕ್ಕೆ ಕೂರಿಸಿ 1981ರಲ್ಲಿ ಮಜಾ ಹಿಡಿದರು. ಹಿಡಿದದ್ದೇ ತಡ, 1982ರಿಂದ 1993ರವರೆಗೆ ಸತತ 12 ವರ್ಷ ರೇಟಿಂಗಿನಲ್ಲಿ ಇವರೇ ಮೊದಲು. 1986ರಲ್ಲಿ ಲೋಗೊ ಬಂತು. ಒಂದು ದೊಡ್ಡ ಕಣ್ಣು. 1997ರಲ್ಲಿ ಟೋಕಿಯೊದ ಒಡೈಬಾದಲ್ಲಿ ಹೊಸ ಕಟ್ಟಡ. ವಿನ್ಯಾಸ ಹೆಸರಾಂತ ವಾಸ್ತುಶಿಲ್ಪಿ ಕೆಂಜೊ ಟಾಂಗೆ ಅವರದ್ದು, ಅಂದರೆ ಸಾಮಾನ್ಯ ಮೇಸ್ತ್ರಿ ಅಲ್ಲ. ಕಟ್ಟಡದ ಮೇಲ್ಭಾಗದಲ್ಲಿ 32 ಮೀಟರ್ ವ್ಯಾಸದ ಗುಂಡು. ಟಿಕೆಟ್ ತಗೊಂಡು ಹತ್ತಿದರೆ ಟೋಕಿಯೊ ಕೊಲ್ಲಿ ಕಾಣುತ್ತದೆ, ಆಕಾಶ ತಿಳಿಯಾಗಿದ್ದರೆ ಫುಜಿ ಪರ್ವತವೂ ಕಾಣುತ್ತದೆ. ಕೆಳಗಿನ ಮಹಡಿಗಳಲ್ಲಿ ಏನು ನಡೀತಿದೆ ಅನ್ನೋದು ಮಾತ್ರ ಕಾಣುವುದಿಲ್ಲ. ಟಿಕೆಟ್ ದರದಲ್ಲಿ ಅದು ಸೇರಿಲ್ಲ ಅಂತ ಕಾಣುತ್ತದೆ.

ಆ ಹಗರಣ ಹೊರಬಂದಾಗ, 2025ರ ಜನವರಿ 17ರಂದು ಅಂದಿನ ಅಧ್ಯಕ್ಷರು ಪತ್ರಿಕಾಗೋಷ್ಠಿ ಕರೆದರು. ವಿಡಿಯೊ ಕ್ಯಾಮೆರಾಗೆ ಪ್ರವೇಶವಿಲ್ಲ! ಕಣ್ಣೇ ಲೋಗೊ ಆಗಿರುವ, ಓಡುವ ಚಿತ್ರ ಮಾರಿ ಹೊಟ್ಟೆ ಹೊರೆಯುವ ಕಂಪನಿ ಇದು. ಜನ ಅಧ್ಯಕ್ಷರನ್ನು ಸುದ್ದಿಯಲ್ಲಿ ನಿಂತ ಫೋಟೊದಲ್ಲೇ ನೋಡಿಕೊಂಡರು. ಟೊಯೋಟಾದಂಥ ದೊಡ್ಡ ಜಾಹೀರಾತುದಾರರು ಒಬ್ಬೊಬ್ಬರಾಗಿ ಎದ್ದು ಹೋದರು. ಆ ಜಾಗಕ್ಕೆ ಸಾರ್ವಜನಿಕ ಹಿತದ ಜಾಹೀರಾತು ಬಂತು. ಮಜಾ ಚಾನೆಲ್ಲಿನಲ್ಲಿ ಇಡೀ ದಿನ ನೀತಿಪಾಠ.

ಹತ್ತು ದಿನ ಬಿಟ್ಟು ಇನ್ನೊಂದು ಗೋಷ್ಠಿ. ಈ ಸಲ ಕ್ಯಾಮೆರಾ ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆ 4ಕ್ಕೆ ಶುರುವಾದದ್ದು ಮುಗಿದಾಗ ರಾತ್ರಿ 2 ಗಂಟೆ ದಾಟಿತ್ತು. ಅಧ್ಯಕ್ಷರು, ಚೇರ್ಮನ್ ಇಬ್ಬರೂ ರಾಜೀನಾಮೆ ಕೊಟ್ಟರು. ಎಲ್ಲರೂ ಹುಡುಕುತ್ತಿದ್ದವರು ಇನ್ನೊಬ್ಬರು, 87 ವಯಸ್ಸಿನ ಹಿಸಾಶಿ ಹಿಯೆಡಾ. 1983ರಿಂದ ಆಡಳಿತ ಮಂಡಳಿಯಲ್ಲಿದ್ದವರು, ಅಂದರೆ ಆ ಕಣ್ಣಿಗಿಂತಲೂ ಹಿರಿಯರು. ಅವರು ವೇದಿಕೆಯಲ್ಲಿ ಇರಲೇ ಇಲ್ಲ. ಮಾರ್ಚಿನಲ್ಲಿ ನಿಧಾನಕ್ಕೆ ಜಾಗ ಖಾಲಿ ಮಾಡಿದರು.

ತಮಾಷೆ ಇಲ್ಲಿಗೆ ಸಾಕು. ಮಾರ್ಚ್ 31ರಂದು ಸ್ವತಂತ್ರ ಸಮಿತಿಯ ವರದಿ ಬಂತು. ಹೆಸರಾಂತ ನಿರೂಪಕನಿಂದ ಒಬ್ಬ ಉದ್ಯೋಗಿಗೆ ಆದದ್ದು ಲೈಂಗಿಕ ದೌರ್ಜನ್ಯ, ಅದು ಕೆಲಸದ ಮುಂದುವರಿಕೆಯಾಗಿಯೇ ನಡೆದದ್ದು ಅಂತ ಅದು ಹೇಳಿತು. ಘಟನೆ 2023ರ ಜೂನ್‌ದು. ಅದೇ ವರ್ಷ ಮೇಲಿನವರಿಗೆ ಗೊತ್ತಾಗಿತ್ತು. ಗಂಡು ಹೆಣ್ಣಿನ ಖಾಸಗಿ ವಿಷಯ ಅಂದುಕೊಂಡು ಸುಮ್ಮನಾದರು. ಅವನ ಕಾರ್ಯಕ್ರಮ ಸುಮಾರು ಒಂದೂವರೆ ವರ್ಷ ಓಡಿತು. ಅವಳು ಕೆಲಸ ಬಿಟ್ಟಳು. ಇದನ್ನು ಎಷ್ಟು ಸಲ, ಎಷ್ಟು ದೇಶಗಳ ಹೆಸರಿನಲ್ಲಿ ಓದೋದು? ಬೇಜಾರಾಗಿ ಹೋಗಿದೆ.

ಮನರಂಜನಾ ವಿಭಾಗವನ್ನು ಕಳಚಿ ಮರುಜೋಡಣೆ ಮಾಡುತ್ತೇವೆ ಅಂತ 2025ರಲ್ಲಿ ಹೇಳಿದರು. ಒಳ್ಳೆಯದೇ. ಅಂದು ಗೊತ್ತಿದ್ದೂ ಸುಮ್ನೆ ಕೂತಿದ್ದ ಕೊಠಡಿಯಲ್ಲಿ ಮನರಂಜನಾ ವಿಭಾಗದವರಷ್ಟೇ ಇದ್ದರಾ?