ತಾರೀಖು ಕದಲೋದಿಲ್ಲ, ದಾರಿ ಬೇಕಾದಷ್ಟಿವೆ

ಫ್ರಾಂಕ್‌ಫರ್ಟಿಗೆ ಬಂದು ಹತ್ತು ವರ್ಷ ಆಯಿತು. ಆಫೀಸಿನವರು ನನ್ನಿಂದ ಕಡಕ್ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನೋದು ಕಲಿತರು. ನಾನು ಅವರಿಂದ ವಿಮಾನದ ಟಿಕೆಟ್ ಅಗ್ಗಕ್ಕೆ ಹುಡುಕೋದು ಕಲಿತೆ. ಅರ್ಧ ಕಲಿತೆ ಅನ್ನಬೇಕು. ಇನ್ನರ್ಧ ಕಲಬುರಗಿಯವರಿಗೆ ಹೊಂದೋದಿಲ್ಲ.

ನನ್ನ ಪಕ್ಕ ಕೂರುವ ಹೆಂಗಸನ್ನೇ ನೋಡಿ. ಅವಳಿಗೆ ವರ್ಷಕ್ಕೆ ಎರಡು ವಾರ ಎಲ್ಲಾದರೂ ಹೋಗಿಬರಬೇಕು, ಅಷ್ಟೇ. ಮೇ ಆದರೂ ಸರಿ, ಸೆಪ್ಟೆಂಬರ್ ಆದರೂ ಸರಿ. ಟಿಕೆಟ್ ಹುಡುಕುವ ಸ್ಕೈಸ್ಕ್ಯಾನರ್ ತೆಗೆದು, ಹೊರಡೋದು ಫ್ರಾಂಕ್‌ಫರ್ಟ್, ಹೋಗೋದು ‘ಎಲ್ಲಿಗಾದರೂ’, ಯಾವಾಗ ಅಂದರೆ ‘ಇಡೀ ತಿಂಗಳು’ ಅಂತ ಒತ್ತುತ್ತಾಳೆ. ಅಗ್ಗದ ದೇಶ ಯಾವುದು ಮೇಲೆ ಬರುತ್ತೋ ಅಲ್ಲಿಗೆ ಹೊರಡುತ್ತಾಳೆ. ನನಗೆ ಮೊದಮೊದಲು ಇದು ಸೋಜಿಗ. ನಾವು ಎಲ್ಲಿಗೆ ಹೋಗಬೇಕು ಅನ್ನೋದು ಹುಟ್ಟಿದ ದಿನವೇ ತೀರ್ಮಾನ ಆಗಿದೆಯಲ್ಲ!

ಎಲ್ಲ ಜರ್ಮನ್ನರೂ ಅವಳ ಹಾಗಲ್ಲ ಬಿಡಿ. ಮಕ್ಕಳಿದ್ದವರು ಶಾಲೆಯ ರಜೆಗೆ ಕಟ್ಟುಬಿದ್ದಿರುತ್ತಾರೆ. ಅಗ್ಗದ ಟಿಕೆಟ್ ಸಿಕ್ಕಿತು ಅಂತ ರಜೆಗೆ ಎರಡು ದಿನ ಮುಂಚೆ ಮಗುವನ್ನು ಶಾಲೆ ತಪ್ಪಿಸಿ ಕರೆದೊಯ್ದರೆ ಇಲ್ಲಿ ದಂಡ ಬೀಳಬಹುದು.

ನಮ್ಮನ್ನು ಕಟ್ಟಿಹಾಕುವುದು ಪಂಚಾಂಗ. ನಮ್ಮ ಕಾಕಾ ಮಗಳ ಮದುವೆ ಗೊತ್ತು ಮಾಡಿದಾಗ, ಒಂದು ವಾರ ಮುಂದೆ ಹಾಕಿದರೆ ನನ್ನ ಟಿಕೆಟ್ ನೂರಾ ಎಂಬತ್ತು ಯೂರೊ ಕಡಿಮೆ ಆಗುತ್ತೆ ಅಂತ ಸುಮ್ನೆ ಹೇಳಿ ನೋಡಿದೆ. “ತಮ್ಮಾ, ತಾರೀಖ ಪಂಚಾಂಗದಾಗ ಅದ, ನಿನ್ನ ಮೊಬೈಲ್‌ದಾಗ ಇಲ್ಲ” ಅಂದರು. ಮಾತು ಅಲ್ಲಿಗೆ ಮುಗಿಯಿತು.

ಹಾಗಂತ ಪಂಚಾಂಗ ಯಾವಾಗಲೂ ಜೇಬಿಗೆ ಕತ್ತರಿ ಹಾಕೋದಿಲ್ಲ. ನಮ್ಮೂರಿನ ಶರಣಬಸವೇಶ್ವರರ ತೇರು ಹೋಳಿ ಹುಣ್ಣಿಮೆಯಾದ ಐದನೇ ದಿನ. ಸಾಮಾನ್ಯವಾಗಿ ಮಾರ್ಚ್. ಯುರೋಪಿನಿಂದ ಭಾರತಕ್ಕೆ ಬರುವವರು ಆಗ ಕಡಿಮೆ, ದರವೂ ಇಳಿದಿರುತ್ತೆ. ಶರಣಬಸವ ಅಪ್ಪನ ಜಾತ್ರೆಗೆ ಬರೋದು ನನಗೆ ಹಗುರ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹಾಗಲ್ಲ. 2024ರಲ್ಲಿ ಅದು ಬಂದಿದ್ದು ಡಿಸೆಂಬರ್ 30ಕ್ಕೆ. ಕ್ರಿಸ್‌ಮಸ್ ರಜೆಗೆ ಅರ್ಧ ಯುರೋಪ್ ವಿಮಾನ ಹತ್ತಿರುವ ಹೊತ್ತು. ಹೊಲದಲ್ಲಿ ಕೂತು ಸಜ್ಜಿ ರೊಟ್ಟಿ, ಭಜ್ಜಿ ತಿನ್ನೋಕೆ ಕೊಡಬೇಕಾದ ದುಡ್ಡು ನೋಡಿ ಫೋನ್ ಮಗುಚಿಟ್ಟೆ. ಆ ವರ್ಷ ಹೊಲಕ್ಕೆ ಎಡೆ ಎರಚಿ ಚರಗ ಚೆಲ್ಲಿದ್ದನ್ನು ವಿಡಿಯೊದಲ್ಲಿ ನೋಡಿದೆ.

ತಾರೀಖು ಗಟ್ಟಿ ಇದ್ದರೂ ಅದರ ಅಕ್ಕಪಕ್ಕ ಒಂದೆರಡು ದಿನ ಸಿಕ್ಕೇ ಸಿಗುತ್ತೆ. ಗೂಗಲ್ ಫ್ಲೈಟ್ಸ್‌ನಲ್ಲಿ ತಾರೀಖುಗಳ ಚೌಕ ಇದೆ. ಅಡ್ಡಕ್ಕೆ ಹೊರಡುವ ದಿನ, ಉದ್ದಕ್ಕೆ ಮರಳುವ ದಿನ, ಪ್ರತಿ ಮನೆಯಲ್ಲೂ ಒಂದು ದರ. ಮದುವೆ ಭಾನುವಾರ ಅಂದರೆ ಎಲ್ಲರೂ ಶುಕ್ರವಾರಕ್ಕೇ ಬೀಳುತ್ತಾರೆ. ಮಂಗಳವಾರವೋ ಬುಧವಾರವೋ ಹೊರಟರೆ ಎಷ್ಟೋ ಸಲ ಕಡಿಮೆ ಇರುತ್ತೆ. ಅರಿಶಿನಕ್ಕೂ ಸಿಕ್ಕ ಹಾಗಾಯಿತು.

ಇನ್ನೊಂದು ವಿಷಯ ನಮ್ಮ ಕಡೆಯವರು ಗಮನಿಸಬೇಕು. ಒಂದೇ ವಿಮಾನದ ಒಂದೇ ಥರದ ಸೀಟಿಗೆ ಬೇರೆ ಬೇರೆ ದರಗಳ ಕಟ್ಟು ಇರುತ್ತೆ. ಅಗ್ಗದ ಕಟ್ಟಿನಲ್ಲಿ ಎರಡೇ ಸೀಟು ಉಳಿದಿದ್ದು, ನೀವು ನಾಲ್ಕು ಜನಕ್ಕೆ ಹುಡುಕಿದರೆ, ನಾಲ್ವರಿಗೂ ಮೇಲಿನ ದರವನ್ನೇ ತೋರಿಸೋದು ಜಾಸ್ತಿ. ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ ಅಂತ ಹುಡುಕಿ ನೋಡಿ. ಬ್ರೌಸರ್ ಕುಕೀಸ್ ಅಳಿಸಿದರೆ ದರ ಇಳಿಯುತ್ತೆ ಅಂತ ವಾಟ್ಸಾಪಿನಲ್ಲಿ ಹರಿದಾಡುತ್ತಲ್ಲ, ನಾನೂ ಅಳಿಸಿ ಅಳಿಸಿ ಸಾಕಾಗಿದ್ದೇನೆ. ಒಂದು ಪೈಸೆ ಇಳಿದಿಲ್ಲ.

ಜರ್ಮನ್ನರಿಗಿಂತ ನಾವು ಗಟ್ಟಿಗರು ಅನ್ನೋದು ದಾರಿಯ ವಿಷಯದಲ್ಲಿ. ಅವರಿಗೆ ಊರು ಅಂದರೆ ಒಂದು ಏರ್‌ಪೋರ್ಟ್. ನಮಗೆ 2019ರ ನವೆಂಬರ್‌ನಲ್ಲಿ ಊರಲ್ಲೇ ವಿಮಾನ ನಿಲ್ದಾಣ ಆಯಿತು, ಖುಷಿಯೇ. ಆದರೆ ಹೊರದೇಶದಿಂದ ಬರುವವನ ನಿಲ್ದಾಣ ಹೈದರಾಬಾದಿನ ಶಂಷಾಬಾದ್. ಅಲ್ಲಿಂದ ಜಹೀರಾಬಾದ್, ಹುಮನಾಬಾದ್ ಮೇಲೆ ನಾಲ್ಕೈದು ತಾಸಿಗೆ ಮನೆ. ಬೀದರಿನವರಿಗೆ ಇನ್ನೂ ಹತ್ತಿರ. 2024ರ ಜನವರಿಯಿಂದ ಫ್ರಾಂಕ್‌ಫರ್ಟಿನಿಂದ ಹೈದರಾಬಾದಿಗೆ ನೇರ ವಿಮಾನವೂ ಇದೆ. ಮುಂಬೈ ಅಗ್ಗ ಅಂತ ಕಂಡರೆ ಮುಂಬೈಗೆ ಇಳಿಯುತ್ತೇವೆ. ರಾತ್ರಿ ರೈಲು ಹತ್ತಿದರೆ ಸೊಲ್ಲಾಪುರ ದಾಟಿ ಬೆಳಿಗ್ಗೆಗೆ ಕಲಬುರಗಿ. ಬೆಂಗಳೂರು ಆರುನೂರು ಕಿಲೋಮೀಟರ್ ಚಿಲ್ಲರೆ, ಅದಕ್ಕೂ ನಾವು ಅಂಜುವವರಲ್ಲ.

ಗೂಗಲ್ ಫ್ಲೈಟ್ಸ್‌ನಲ್ಲಿ ಇಳಿಯುವ ಜಾಗಕ್ಕೆ ಹೈದರಾಬಾದ್, ಮುಂಬೈ, ಬೆಂಗಳೂರು ಮೂರನ್ನೂ ಒಟ್ಟಿಗೆ ಹಾಕಬಹುದು. ಒಂದು ಕಡೆ ಇಳಿದು ಇನ್ನೊಂದು ಕಡೆಯಿಂದ ಮರಳುವುದಿದ್ದರೆ ಎರಡು ಬಿಡಿ ಟಿಕೆಟ್ ಕೊಳ್ಳಬೇಡಿ, ‘ಮಲ್ಟಿ ಸಿಟಿ’ಯಲ್ಲಿ ಒಂದೇ ಟಿಕೆಟ್ ಮಾಡಿ ನೋಡಿ. ದೊಡ್ಡ ಕಂಪನಿಗಳಲ್ಲಿ ಒಂದು ಕಡೆಯ ಟಿಕೆಟ್, ಹೋಗಿಬರುವ ಟಿಕೆಟ್ಟಿನ ಅರ್ಧಕ್ಕಿಂತ ಬಹಳ ಜಾಸ್ತಿ ಇರುವುದುಂಟು. ಮನೆ ಬಾಗಿಲಿನ ತನಕದ ಲೆಕ್ಕವನ್ನೂ ಹಾಕಿ. ಬೆಳಗಿನ ಜಾವ ಮೂರಕ್ಕೆ ಇಳಿದು ಟ್ಯಾಕ್ಸಿ ಹಿಡಿದರೆ ಮಿಗಿಸಿದ್ದು ರಸ್ತೆಯಲ್ಲೇ ಕರಗುತ್ತೆ.

ಆದರೆ ಈ ದಾರಿ ಬದಲಿಸುವ ಚಾಳಿಯೇ ಒಮ್ಮೆ ನನ್ನನ್ನು ಕೆಡಿಸಿತು. ವಾಡಿ ಜಂಕ್ಷನ್‌ನಲ್ಲಿ ಗಾಡಿ ಬದಲಿಸಿ ಬೆಳೆದವನು ನಾನು. ಅಲ್ಲಿ ಒಂದು ತಪ್ಪಿದರೆ ಇನ್ನೊಂದು ಬರುತ್ತೆ, ಅಷ್ಟರೊಳಗೆ ಎರಡು ಚಹಾ ಆಗುತ್ತೆ. ಅದೇ ಧೈರ್ಯದಲ್ಲಿ ಕೊಲ್ಲಿಯ ಒಂದು ಊರಿನ ತನಕ ಒಂದು ಕಂಪನಿಯ ಟಿಕೆಟ್, ಅಲ್ಲಿಂದ ಹೈದರಾಬಾದಿಗೆ ಇನ್ನೊಂದರದ್ದು ಅಂತ ಜೋಡಿಸಿದೆ. ಮಧ್ಯೆ ಎರಡೂವರೆ ತಾಸು. ಮೊದಲ ವಿಮಾನ ಮೂರು ತಾಸು ತಡ. ಓಡಿ ಹೋಗುವಷ್ಟರಲ್ಲಿ ಎರಡನೆಯದು ಹಾರಿಹೋಗಿತ್ತು. ಮೊದಲ ಕಂಪನಿಯವರು ನಿಮ್ಮ ಟಿಕೆಟ್ ಇಲ್ಲಿಗೆ ಮುಗಿಯಿತು ಅಂದರು, ಎರಡನೆಯವರು ನೀವು ಬರಲೇ ಇಲ್ಲವಲ್ಲ ಅಂದರು. ಇಬ್ಬರದ್ದೂ ನಿಜವೇ. ಕೌಂಟರಿನಲ್ಲಿ ಹೊಸ ಟಿಕೆಟ್ಟಿಗೆ ಕೊಟ್ಟಿದ್ದು, ಉಳಿಸಿದ್ದರ ಎರಡು ಪಟ್ಟು. ದೊಡ್ಡ ಚೀಲ ಇರಲಿಲ್ಲ ಅನ್ನೋದೇ ಪುಣ್ಯ. ಇದ್ದಿದ್ದರೆ ಅದನ್ನು ತೆಗೆದುಕೊಳ್ಳಲು ಆ ದೇಶದೊಳಗೆ ಹೋಗಬೇಕು, ಅದಕ್ಕೆ ವೀಸಾ ಬೇಕು. ಒಂದೇ ಟಿಕೆಟ್ಟಿನಲ್ಲಿ ಎರಡು ವಿಮಾನ ಇದ್ದು ಮೊದಲನೆಯದು ತಡವಾದರೆ, ಮುಂದಿನದರಲ್ಲಿ ಕೂರಿಸುವ ಹೊಣೆ ಅವರದ್ದು.

ಬಸ್ಸು, ರೈಲಿನ ಲೆಕ್ಕ ಇನ್ನೊಂದು ಕಡೆಯೂ ಮೋಸ ಮಾಡುತ್ತೆ. ಹೋಗುವ ಟಿಕೆಟ್ ಬಳಸದಿದ್ದರೆ ಬರುವ ಟಿಕೆಟ್ ನಮ್ಮದೇ ಇರುತ್ತೆ ಅಂದುಕೊಳ್ಳುತ್ತೇವೆ. ವಿಮಾನದಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಮೊದಲ ವಿಮಾನ ಹತ್ತದಿದ್ದರೆ ಆ ಟಿಕೆಟ್ಟಿನ ಉಳಿದದ್ದೆಲ್ಲ ರದ್ದು.

ಇಷ್ಟು ವರ್ಷದ ಮೇಲೆ ನನಗೆ ಅನಿಸಿದ್ದು, ತಾರೀಖು ಬದಲಿಸಲು ಬರುವ ಟಿಕೆಟ್ ನಮಗೆ ಬೇಕಾಗೋದು ಮರಳುವಾಗ ಮಾತ್ರ. ಆಫೀಸಿನ ಆ ಹೆಂಗಸು ಅವ್ವನ ಮನೆಗೆ ಹೋದರೆ ಭಾನುವಾರ ನಾಲ್ಕಕ್ಕೆ ಹೊರಡ್ತೀನಿ ಅಂದವಳು ನಾಲ್ಕಕ್ಕೇ ಹೊರಡುತ್ತಾಳೆ. ಅವಳ ಅವ್ವನೂ ಕೈ ಬೀಸಿ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಹೊರಡುವ ಹಿಂದಿನ ರಾತ್ರಿ ಚೀಲ ತೂಗುವಾಗ ಶುರು. ಕೈತಕ್ಕಡಿಯ ಕೊಕ್ಕೆಗೆ ಚೀಲ ಸಿಗಿಸಿ ಎತ್ತಿದ್ದೇನೆ. ಇಪ್ಪತ್ತಮೂರು ಕಿಲೋ ಮಿತಿಗೆ ಇಪ್ಪತ್ತೈದು ತೋರಿಸುತ್ತಿದೆ. ತೊಗರಿಬೇಳೆ ತೆಗೆಯಲಾ, ರೊಟ್ಟಿ ತೆಗೆಯಲಾ ಅಂತ ನಾನು. ತುಪ್ಪ, ಪೇಡೆ ಮೊದಲೇ ಹೊರಗೆ, ಹಾಲಿನದ್ದು ಯುರೋಪಿನೊಳಗೆ ಬಿಡೋದಿಲ್ಲ. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ, ತಕ್ಕಡಿ ನೋಡುತ್ತಾ, “ಇನ್ನ ಎರಡ ದಿನ ಇದ್ದು ಹೋಗಪಾ” ಅನ್ನುತ್ತಾಳೆ.

ಆ ಎರಡು ದಿನದ ಬೆಲೆ ಎಷ್ಟು ಅಂತ ಟಿಕೆಟ್ ಕೊಳ್ಳುವಾಗಲೇ ಓದಿಟ್ಟುಕೊಳ್ಳಬೇಕು. ತೀರಾ ಅಗ್ಗದ ದರದಲ್ಲಿ ಬದಲಿಸೋಕೆ ಬರೋದೇ ಇಲ್ಲ, ಕೆಲವದರಲ್ಲಿ ದೊಡ್ಡ ಚೀಲವೂ ಇಲ್ಲ. ಬದಲಾವಣೆ ಫ್ರೀ ಅಂದರೂ ಪೂರ್ತಿ ಫ್ರೀ ಅಲ್ಲ. ದಂಡ ಇಲ್ಲ ಅಷ್ಟೇ, ಹೊಸ ದಿನದ ದರ ಜಾಸ್ತಿ ಇದ್ದರೆ ವ್ಯತ್ಯಾಸ ಕಟ್ಟಲೇಬೇಕು. ನಾನು ಈಗ ಮೂವತ್ತು ನಲವತ್ತು ಯೂರೊ ಹೆಚ್ಚು ಕೊಟ್ಟು ಅಂಥದ್ದನ್ನೇ ಕೊಳ್ಳುತ್ತೇನೆ. ಆಫೀಸಿನ ಹೆಂಗಸಿಗೆ ಇದು ದಂಡದ ಖರ್ಚು. ಮರಳುವ ದಿನ ಗೊತ್ತಿದ್ದೂ ಬದಲಿಸೋದು ಯಾಕೆ ಅಂತ ಕೇಳಿದಳು. ಅವ್ವ ಅಂದೆ. ಹುಷಾರಿಲ್ಲವಾ ಪಾಪ ಅಂದಳು.

ಹೋದ ಜಾತ್ರೆಗೆ ಎರಡು ದಿನ ಅಂತ ಹೇಳಿ ನಾಲ್ಕು ದಿನ ಮುಂದೆ ಹಾಕಿದೆ. ಚೀಲದಿಂದ ತೆಗೆದ ಬೇಳೆ ಮತ್ತೆ ಒಳಗೆ ಹೋಯಿತು.