ಪುಣ್ಯ ಬೇಡ, ಪ್ರಾಕ್ಟೀಸ್ ಬೇಕು

ನಾನು ಮೈಸೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಓದಿದ್ದು ಪಿಯುಸಿ ಆರ್ಟ್ಸ್, ಅಷ್ಟೇ. ಐದಾರು ವರ್ಷದಿಂದ ಕಣ್ಣು ಕಾಣದ ಮಕ್ಕಳಿಗೆ ಸ್ಕ್ರೈಬ್ ಆಗಿ, ಅಂದರೆ ಪ್ರಶ್ನೆ ಓದಿ ಹೇಳಿ ಅವರು ಹೇಳಿದ ಉತ್ತರ ಬರೆದುಕೊಡುವವಳಾಗಿ, ಪರೀಕ್ಷೆ ಬರೆಯುತ್ತಿದ್ದೇನೆ. ಅಭ್ಯರ್ಥಿ ತಾನೇ ಸ್ಕ್ರೈಬನ್ನು ಕರೆತಂದರೆ, ಆ ಸ್ಕ್ರೈಬ್ ಓದಿನಲ್ಲಿ ಒಂದು ಮೆಟ್ಟಿಲು ಕೆಳಗಿರಬೇಕು ಅಂತ 2018ರ ನಿಯಮ ಹೇಳಿತ್ತು. ಹಾಗಾಗಿ ಡಿಗ್ರಿ ಮಕ್ಕಳಿಗೆ ನಾನು ಸರಿಹೋಗುತ್ತೇನೆ. ಕಡಿಮೆ ಓದಿದ್ದೇ ಒಂದು ಅರ್ಹತೆ ಆಗಿದ್ದು ನನ್ನ ಜೀವನದಲ್ಲಿ ಇದೊಂದೇ ಸಲ!

ಅಂಗಡಿಗೆ ಬಂದವರು ಈ ವಿಷಯ ಕೇಳಿದರೆ 'ಪುಣ್ಯದ ಕೆಲಸ ಮಾಡ್ತಿದೀಯಮ್ಮ' ಅನ್ನುತ್ತಾರೆ. ಮೊದಮೊದಲು ನನಗೂ ಖುಷಿಯಾಗುತ್ತಿತ್ತು. ಈಗ ಸುಮ್ನೆ ನಕ್ಕು ಬ್ಲೌಸಿನ ಅಳತೆ ತೆಗೆದುಕೊಳ್ಳುತ್ತೇನೆ.

ಹೋದ ವರ್ಷ ಒಬ್ಬಳು ಹುಡುಗಿಗೆ ಬಿ.ಎ. ಕನ್ನಡ ಪೇಪರ್ ಬರೆಯಲು ಹೋಗಿದ್ದೆ. ಛಂದಸ್ಸಿನ ಪ್ರಶ್ನೆ ಬಂತು. ಪದ್ಯಕ್ಕೆ ಪ್ರಸ್ತಾರ ಹಾಕಬೇಕು, ಅಂದರೆ ಪ್ರತಿ ಅಕ್ಷರ ಲಘುವೋ (ಒಂದು ಮಾತ್ರೆ) ಗುರುವೋ (ಎರಡು ಮಾತ್ರೆ) ಅಂತ ಗುರುತು ಹಾಕಬೇಕು. ನನಗೆ ಲಘು ಗುರು ಮರೆತು ಇಪ್ಪತ್ತು ವರ್ಷವಾಗಿದೆ. 'ಅಕ್ಕ, ಪದ ಪದ ಬಿಡಿಸಬೇಡಿ, ಸಾಲು ಪೂರ್ತಿ ಒಂದೇ ಉಸಿರಲ್ಲಿ ಓದಿ' ಅಂದಳು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುತ್ತದಲ್ಲ, ನಾನು ನಡುವೆ ನಿಲ್ಲಿಸಿದರೆ ಅದು ಅವಳಿಗೆ ತಪ್ಪಿಹೋಗುತ್ತದೆ. ಓದಿದೆ. ಅವಳು ಬೆಂಚಿನ ಮೇಲೆ ಬೆರಳು ಕುಟ್ಟುತ್ತಾ 'ಲಘು, ಲಘು, ಗುರು' ಅಂತ ಹೇಳುತ್ತಾ ಹೋದಳು. ನಾನು ಅಕ್ಷರಗಳ ಮೇಲೆ ಗುರುತು ಹಾಕುತ್ತಾ ಹೋದೆ.

ಸಾಲು ಮುಗಿದ ಮೇಲೆ ಬೆರಳು ನಿಂತಿತು. 'ಒಂದು ಮಾತ್ರೆ ಜಾಸ್ತಿ ಬಂತಲ್ಲಾ ಅಕ್ಕ. ಇದು ಕಂದ ಪದ್ಯ, ಮೊದಲ ಸಾಲಿಗೆ 12 ಬರಬೇಕು. ನೀವು ಎಲ್ಲೋ ಎಳೆದು ಓದಿದೀರಿ.' ನೋಡಿದರೆ ನಿಜ. ಹ್ರಸ್ವ ಇದ್ದಲ್ಲಿ ದೀರ್ಘ ಮಾಡಿ ಓದಿದ್ದೆ. ಕಣ್ಣಿದ್ದು ನಾನು ಮಾಡಿದ ತಪ್ಪನ್ನು ಅವಳು ಲೆಕ್ಕ ಹಾಕಿ ಹಿಡಿದಳು. ಅದೇ ಜಾಗದಲ್ಲಿ ಲೆಕ್ಕ ಇಲ್ಲದ ಗದ್ಯ ಇದ್ದಿದ್ದರೆ? ಸ ಇದ್ದಲ್ಲಿ ಶ ಬರೆದಿದ್ದರೆ, ಮಹಾಪ್ರಾಣ ಬಿಟ್ಟಿದ್ದರೆ? ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ನನ್ನ ಕಾಗುಣಿತದ ತಪ್ಪಿಗೆ ಅವಳ ನಂಬರಿನ ಪೇಪರಿನಲ್ಲಿ ಮಾರ್ಕ್ಸ್ ಹೋಗುತ್ತಿತ್ತು.

ಇನ್ನೊಂದು ಕಷ್ಟ ಬೇರೆ ಥರದ್ದು. ಒಬ್ಬ ಹುಡುಗನಿಗೆ ಇತಿಹಾಸದ ಪೇಪರ್. ಶ್ರೀರಂಗಪಟ್ಟಣದ ಒಪ್ಪಂದದ ಉತ್ತರ ಚೆನ್ನಾಗಿಯೇ ಹೇಳುತ್ತಿದ್ದ. ಅರ್ಧ ರಾಜ್ಯ ಹೋಗಿದ್ದು, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟಿದ್ದು, ಎಲ್ಲಾ ಸರಿ. ಇಸವಿ ಮಾತ್ರ 1799 ಅಂದುಬಿಟ್ಟ. ಅದು ಟಿಪ್ಪು ಸತ್ತ ವರ್ಷ. ಒಪ್ಪಂದ ಆಗಿದ್ದು 1792ರಲ್ಲಿ. ನಾನು ಹುಟ್ಟಿದ್ದೇ ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯಲ್ಲಿ, ನನಗೆ ಗೊತ್ತಿಲ್ಲವಾ? ಪೆನ್ನು ನಿಂತುಬಿಟ್ಟಿತು. 'ಎಷ್ಟಂದೆ?' ಅಂತ ಕೇಳಿದರೂ ಸಾಕು, ಅವನಿಗೆ ಸುಳಿವು ಸಿಕ್ಕಹಾಗೆ. 1799 ಅಂತಲೇ ಬರೆದೆ. ಮನೆಗೆ ಹೋಗುವವರೆಗೂ ಹೊಟ್ಟೆಯಲ್ಲಿ ಏನೋ ಸಂಕಟ. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಸರಿ ಇರಲಿ, ತಪ್ಪಿರಲಿ, ಪ್ರತಿಯೊಂದು ಇಸವಿ, ಪ್ರತಿಯೊಂದು ಹೆಸರನ್ನೂ ಬಸ್ ಕಂಡಕ್ಟರ್ ಥರ ಒಂದೇ ದನಿಯಲ್ಲಿ ತಿರುಗಿ ಹೇಳುತ್ತೇನೆ. ಆಗ ಯಾವುದೂ ಸುಳಿವಾಗುವುದಿಲ್ಲ.

ಇದಕ್ಕೇ ಹೇಳುವುದು, ಇದು ಕೈಕೆಲಸ. ಕಾಜಾ ಹೊಲಿಯುವುದನ್ನು ಕಲಿತ ಹಾಗೆ ಇದನ್ನೂ ಕಲಿಯಬೇಕು. ಮಗು ಹೇಗೆ ಹೇಳುತ್ತದೆ, ಎಷ್ಟು ವೇಗ, ಪ್ರಶ್ನೆ ಎರಡು ಸಲ ಓದಬೇಕಾ ಮೂರು ಸಲ ಓದಬೇಕಾ, ಪ್ಯಾರಾ ಎಲ್ಲಿ ಬಿಡಬೇಕು, ಇಷ್ಟೆಲ್ಲಾ ಮೊದಲೇ ಗೊತ್ತಿರಬೇಕು. ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ ದಾರಿ ಇತ್ತು. ಪರೀಕ್ಷೆ ನಡೆಸುವವರು ಸ್ಕ್ರೈಬ್‌ಗಳ ಪಟ್ಟಿ ಇಟ್ಟುಕೊಳ್ಳಬೇಕು, ಅಭ್ಯರ್ಥಿಗೆ ಎರಡು ದಿನ ಮೊದಲೇ ಸ್ಕ್ರೈಬನ್ನು ಭೇಟಿ ಮಾಡಿಸಬೇಕು, ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಹೆಚ್ಚಿನ ಸಮಯ ಕೊಡಬೇಕು.

ನಡೆಯುವುದು ಏನು? ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್. 'ನಾಳೆ ಬೆಳಿಗ್ಗೆ 10ಕ್ಕೆ ಸ್ಕ್ರೈಬ್ ಬೇಕು, ಅರ್ಜೆಂಟ್, ಒಪ್ಪಿಕೊಂಡವರು ಕೈಕೊಟ್ಟಿದ್ದಾರೆ.' ಓದಬೇಕಾದ ರಾತ್ರಿ ಮಗು ಫೋನ್ ಹಿಡಿದು ಅಪರಿಚಿತರಿಗೆ ದಮ್ಮಯ್ಯ ಹಾಕುತ್ತಾ ಕೂತಿರುತ್ತದೆ. ಒಂದು ಕಾಲೇಜಿನಲ್ಲಿ ನಮ್ಮ ಸ್ಕ್ರೈಬ್ ಅನುಮತಿ ಪತ್ರಕ್ಕೆ ಸಹಿ ಯಾರು ಹಾಕಬೇಕು ಅನ್ನುವುದರಲ್ಲೇ ಅರ್ಧ ಗಂಟೆ ಹೋಯಿತು. ಆಮೇಲೆ ಕೂರಿಸಿದ್ದು ಮೆಟ್ಟಿಲ ಕೆಳಗೆ. ಹೋಗಿಬರುವವರ ಚಪ್ಪಲಿ ಸದ್ದಿನಲ್ಲಿ ಉತ್ತರ ಹೇಳುವ ಹುಡುಗಿಯ ಮಾತೇ ನನಗೆ ಕೇಳಿಸುತ್ತಿರಲಿಲ್ಲ. ಆ ಅರ್ಧ ಗಂಟೆಯನ್ನು ಕೊನೆಯಲ್ಲಿ ಕೊಡಿ ಅಂದರೆ ಇನ್ವಿಜಿಲೇಟರ್ ವಾಚ್ ನೋಡಿಕೊಂಡರು. ಅವರಿಗೂ ಊಟದ ಹೊತ್ತು, ಪಾಪ.

ಬೆಂಗಳೂರಿನ ಪುಷ್ಪಾ ಅನ್ನುವವರು ನೂರಾರು ಪರೀಕ್ಷೆ ಬರೆದು ನಾರೀ ಶಕ್ತಿ ಪುರಸ್ಕಾರ ಪಡೆದಿದ್ದಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಒಬ್ಬರೇ ಅಷ್ಟು ಪರೀಕ್ಷೆ ಬರೆಯಬೇಕಾಗಿ ಬಂದಿದೆ ಅಂದರೆ, ಪಟ್ಟಿ ಇಟ್ಟುಕೊಳ್ಳಬೇಕಾದವರು ಏನು ಮಾಡುತ್ತಿದ್ದರು ಅಂತ ಯಾರೂ ಕೇಳುವುದಿಲ್ಲ. ಪುಣ್ಯ ಅಂದುಬಿಟ್ಟರೆ ಸುಲಭ, ಅಲ್ವಾ? ಪುಣ್ಯ ಮಾಡದವರನ್ನು ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಒಪ್ಪಿಕೊಂಡು ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡುವವರನ್ನೂ ಕೇಳುವ ಹಾಗಿಲ್ಲ. ಹೇಗಿದ್ದರೂ ಬಿಟ್ಟಿ ಕೆಲಸ ತಾನೆ!

ಬರೆಯಬೇಕು ಅಂತ ಮನಸ್ಸಿದ್ದವರು ಖಂಡಿತ ಬನ್ನಿ. ಅಕ್ಷರ ದುಂಡಗಿಲ್ಲದಿದ್ದರೂ ಪರವಾಗಿಲ್ಲ, ತಪ್ಪಿಲ್ಲದಿರಲಿ. ಮುಂಚೆ ಒಂದು ದಿನ ಆ ಮಗುವಿನ ಜೊತೆ ಕೂತು ಹತ್ತು ಸಾಲು ಬರೆದು ನೋಡಿ. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಆ ಮಗುವನ್ನು ನಿಲ್ಲಿಸಿಕೊಂಡು ಸೆಲ್ಫಿ ಮಾತ್ರ ಹಾಕಬೇಡಿ, ಪ್ಲೀಸ್.

ಕಂದ ಪದ್ಯದ ಹುಡುಗಿಗೆ ಮುಂದಿನ ವಾರ ಮತ್ತೆ ಕನ್ನಡ ಪೇಪರ್ ಇದೆ. ಭಾನುವಾರ ಅಂಗಡಿಗೇ ಬರುತ್ತಾಳಂತೆ. 'ನಾನು ಓದ್ಕೊಂಡಿದೀನಿ ಅಕ್ಕ, ನಿಮಗೇ ಸ್ವಲ್ಪ ಓದೋದು ಪ್ರಾಕ್ಟೀಸ್ ಮಾಡಿಸ್ಬೇಕು' ಅಂದಳು.