ಹದಿನೈದಕ್ಕೆ ಗುಜರಿ, ಐವತ್ತಕ್ಕೆ ಗಂಧದ ಹಾರ

ನಮ್ಮ ಮನೆಯ ಜೀಪು ಹುಟ್ಟಿದ್ದು 1987ರ ಮೇ ತಿಂಗಳಲ್ಲಿ. ಮಹೀಂದ್ರ ಎಂಎಂ 540, ಡೀಸೆಲ್. ಮುಂದೆ ಇಬ್ಬರು, ಹಿಂದೆ ಕಾಯ್ದೆ ಒಪ್ಪಿದಷ್ಟು ಜನ, ಕಾಫಿ ಕೊಯ್ಲಿನ ಕಾಲದಲ್ಲಿ ಕಾಯ್ದೆಗೆ ಎಣಿಸಲಾಗದಷ್ಟು ಜನ. ಅದರ ಜಾತಕವನ್ನು ಸರ್ಕಾರವೇ ಬರೆದಿಟ್ಟಿದೆ. 2002ಕ್ಕೆ ಮುದುಕ, 2037ಕ್ಕೆ ಪೂಜ್ಯ. ಪಾಂಡವರಿಗೆ 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸವಾದರೆ ನಮ್ಮ ಜೀಪಿಗೆ ಎರಡೂ ಸೇರಿ 35. ಪುಣ್ಯಕ್ಕೆ ವನ ಹತ್ತಿರದಲ್ಲೇ ಇದೆ, ನಮ್ಮದು ಸಕಲೇಶಪುರದ ಕಡೆ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಹೋಗಿ ‘ಇನ್ನೂ ಬದುಕಿದ್ದೇನೆ ಸ್ವಾಮಿ’ ಎಂದು ಮುಖ ತೋರಿಸಿ ಬರಬೇಕು. ಪಿಂಚಣಿಯವರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಕೂರುವುದಿಲ್ಲವೇ, ಹಾಗೆ. ವ್ಯತ್ಯಾಸ ಇಷ್ಟೇ, ಬದುಕಿದ್ದಕ್ಕೆ ಪಿಂಚಣಿಯವರು ದುಡ್ಡು ತರುತ್ತಾರೆ, ಜೀಪು ದುಡ್ಡು ಕೊಟ್ಟು ಬರುತ್ತದೆ. 2017ರಲ್ಲಿ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. ನಮ್ಮ ಜೀಪು ಮೇ ತಿಂಗಳ ಬದಲು ಮಾರ್ಚಿಯಲ್ಲಿ ಹುಟ್ಟಿದ್ದರೆ 4,400 ರೂಪಾಯಿ ಉಳಿಯುತ್ತಿತ್ತು ಎಂದು ಅಪ್ಪ ಇವತ್ತಿಗೂ ಅದರ ನಕ್ಷತ್ರವನ್ನು ಬೈಯುತ್ತಾರೆ. 2025ರ ಆಗಸ್ಟಿನಲ್ಲಿ ಇನ್ನೊಂದು ಆದೇಶ ಬಂತು. 20 ವರ್ಷ ದಾಟಿದ್ದಕ್ಕೆ 10,000. ಅಂದರೆ ಬರುವ 2027ರಲ್ಲಿ ಅಪ್ಪ ಬೈಯಲು ಬೇರೆ ಗ್ರಹವನ್ನೇ ಹುಡುಕಬೇಕು.

ಎಫ್‌ಸಿಗೆ, ಅಂದರೆ ಗಾಡಿ ಇನ್ನೂ ಓಡಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ, ಹೋಗುವ ದಿನದ ವೈಭವವನ್ನು ಸ್ವಲ್ಪ ಹೇಳಲೇಬೇಕು. ನಮ್ಮ ಮೇಸ್ತ್ರಿಯ ಗ್ಯಾರೇಜಿನ ಮೂಲೆಯಲ್ಲಿ ನಾಲ್ಕು ಹೊಸ ಟೈರುಗಳಿವೆ. ಅವು ಮಾರಾಟಕ್ಕಲ್ಲ. ಊರಿನಲ್ಲಿ ಯಾರ ಜೀಪಿಗೆ ಎಫ್‌ಸಿ ಬಂದರೂ ಹಿಂದಿನ ರಾತ್ರಿ ಆ ನಾಲ್ಕೂ ಟೈರು ಆ ಜೀಪಿಗೆ ಏರುತ್ತವೆ, ಮಾರನೆಯ ಸಂಜೆ ಇಳಿಯುತ್ತವೆ. ಮದುವೆಗೆ ಎರವಲು ಒಡವೆ ಹಾಕಿಕೊಂಡ ಹಾಗೆ. ಆ ಟೈರುಗಳು ಕಂಡಷ್ಟು ಅಧಿಕಾರಿಗಳನ್ನು ನಮ್ಮ ತಾಲ್ಲೂಕಿನಲ್ಲಿ ಇನ್ಯಾರೂ ಕಂಡಿಲ್ಲ. ಹೊಸಬರು ವರ್ಗವಾಗಿ ಬಂದರೆ ಟೈರುಗಳೇ ಅವರನ್ನು ಮಾತಾಡಿಸುತ್ತವೇನೋ.

ಇನ್ನು 50 ದಾಟಿದವರ ಭೋಗ ನೋಡಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. 50 ವರ್ಷ ಮೀರಿರಬೇಕು, ಮೂಲರೂಪದಲ್ಲಿರಬೇಕು, ಹೇಳಿಕೊಳ್ಳುವಂಥ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಎರಡಕ್ಷರದ ಬಿರುದು ಬೇರೆ. ಷರತ್ತು ಒಂದೇ, ದಿನನಿತ್ಯ ಓಡಿಸಬಾರದು. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ. ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಯಬಹುದು.

ಈ ನಿಯಮ ಬರೆದವರು ಯಾರೋ ಗೊತ್ತಿಲ್ಲ, ಆದರೆ ಅವರ ಮನೆಯಲ್ಲಿ ಹಳೆಯ ಜೀಪು ಇದ್ದಿರಲೇಬೇಕು. ಹಳೆಯ ಪೆಟ್ರೋಲ್ ಜೀಪು ಮನೆಯಿಂದ ಹೊರಟರೆ ಹೋಗುವುದು ಎರಡೇ ಜಾಗಕ್ಕೆ, ಒಂದೋ ಪೆಟ್ರೋಲ್ ಬಂಕು, ಇಲ್ಲವೇ ಗ್ಯಾರೇಜು. ಎಲ್ಲಿಗೆ ಹೊರಟರೂ ಕೊನೆಗೆ ಮುಟ್ಟುವುದು ಅಲ್ಲಿಗೇ. ತಾಂತ್ರಿಕ ಸಂಶೋಧನೆಯೂ ದಾರಿಯ ಮಧ್ಯೆ ಬಾನೆಟ್ ಎತ್ತಿದಾಗ ತಾನಾಗಿ ನಡೆಯುತ್ತದೆ, ನಾಲ್ಕು ಜನ ನಿಂತು ನೋಡಿದರೆ ಪ್ರದರ್ಶನವೂ ಆಯಿತು.

ನನ್ನ ತಕರಾರು ನಡುವಿನ ಲೆಕ್ಕದ ಬಗ್ಗೆ. 15 ದಾಟಿದರೆ ಗುಜರಿಯ ದಾರಿ ತೋರಿಸುವ ನೀತಿಯೂ ನಿಮ್ಮದೇ, 50 ಮುಟ್ಟಿದ್ದು ರಾಷ್ಟ್ರದ ಪರಂಪರೆ ಎನ್ನುವ ನಿಯಮವೂ ನಿಮ್ಮದೇ. ಮೊದಲನೆಯದನ್ನು ಪಾಲಿಸಿದವನಿಗೆ ಎರಡನೆಯದು ಸಿಗುವುದಾದರೂ ಹೇಗೆ? ಸರ್ಕಾರವೇ 2023ರ ಏಪ್ರಿಲ್ 1ರಿಂದ 15 ದಾಟಿದ ತನ್ನ ವಾಹನಗಳ ನೋಂದಣಿಯನ್ನು ಮುಗಿಸಿತು, ಸೇನೆಯಂಥ ಕೆಲವನ್ನು ಬಿಟ್ಟು. ಹಾಗಾಗಿ ತಹಶೀಲ್ದಾರರ ಜೀಪು ಪರಂಪರೆಯಾಗುವ ಭಯವಿಲ್ಲ. ಮೂಲರೂಪದಲ್ಲಿ, ಬದಲಾವಣೆ ಇಲ್ಲದೆ, ರಸ್ತೆಗೆ ಇಳಿಯದೆ, ನಿಯಮದ ಅಕ್ಷರಕ್ಷರ ಪಾಲಿಸುತ್ತಾ 50ರ ಕಡೆಗೆ ನಡೆದಿರುವ ಜೀಪುಗಳು ಇರುವುದು ಒಂದೇ ಕಡೆ, ಪೊಲೀಸ್ ಠಾಣೆಯ ಹಿತ್ತಲಲ್ಲಿ. ಕೇಸಿನಲ್ಲಿ ಸಿಕ್ಕಿ ನಿಂತ ಜಾಗದಲ್ಲೇ ನಿಂತಿವೆ. ಬಾನೆಟ್ ಸಂದಿಯಿಂದ ಅರಳಿ ಗಿಡ ಬಂದಿರುತ್ತದೆ, ಅಷ್ಟೇ. ಗಿಡವನ್ನು ‘ಹೇಳಿಕೊಳ್ಳುವಂಥ ಬದಲಾವಣೆ’ ಎಂದು ಪರಿಗಣಿಸುತ್ತಾರೋ ಇಲ್ಲವೋ ಕೇಳಬೇಕು.

ನಮ್ಮ ಭಾವನಿಗೆ ಮಾತ್ರ ಈ ನಿಯಮದಿಂದ ಜೀವನಕ್ಕೊಂದು ಗುರಿ ಸಿಕ್ಕಿತು. ಬೆಂಗಳೂರಿನಲ್ಲಿ ಕೆಲಸ, ಅಪಾರ್ಟ್‌ಮೆಂಟಿನ ಹದಿಮೂರನೆಯ ಮಹಡಿ, ನೆಲಮಾಳಿಗೆಯಲ್ಲಿ ಜೀಪು. ಅದು ಎರಡನೆಯ ಮಹಾಯುದ್ಧದ ಕಾಲದ್ದು. ಆ ಯುದ್ಧಕ್ಕೆಂದು ವಿಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು, ನಕ್ಷೆ ಒಂದೇ. ಆದರೆ ಫೋರ್ಡಿನವರಿಗೆ ತಮ್ಮದು ತಮ್ಮದೇ ಎಂದು ತಿಳಿಯಬೇಕಾಗಿತ್ತು, ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತಿದರು. ಭಾವ ಒಂದು ಭಾನುವಾರ ಪೂರ್ತಿ ಜೀಪಿನ ಕೆಳಗೆ ಟಾರ್ಚು ಹಿಡಿದು ಮಲಗಿದ್ದರು. ಎತ್ತು ಕೊಳ್ಳುವವರು ಹಲ್ಲು ಎಣಿಸುವ ಹಾಗೆ ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿದರು. ಯುದ್ಧದ ಜೀಪಿಗೆ ಒಂಬತ್ತು, ಆಮೇಲೆ ಬಂದ ನಾಗರಿಕ ಜೀಪಿಗೆ ಏಳು. ಒಂಬತ್ತು ಬಂತು. ಅಕ್ಕ ಫೋನ್ ಮಾಡಿ, “ಮಗಳಿಗೆ ಹಲ್ಲು ಬಂದಾಗಲೂ ಇವರು ಇಷ್ಟು ಕುಣಿದಿರಲಿಲ್ಲ ಕಣೋ” ಅಂದಳು.

ಆಮೇಲೆ ಮೂಲರೂಪದ ಪ್ರಶ್ನೆ. ಆ ಜೀಪು ನಮ್ಮ ಕಡೆಯ ತೋಟದಲ್ಲೇ ದಶಕಗಟ್ಟಲೆ ದುಡಿದದ್ದು. ಪೆಟ್ರೋಲು ಕುಡಿಯುವುದು ನೋಡಲಾರದೆ ಹಳೆಯ ಸಾಹುಕಾರರು ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ್ದರು. ಗೇರ್‌ಬಾಕ್ಸ್ ಇನ್ನೊಂದರದ್ದು, ಬಾಡಿಯ ಅರ್ಧ ಟಿಂಕರ್ ಕೆಲಸದವನ ಸ್ವಂತ ಕೃತಿ. ಮಲೆನಾಡಿನ ಜೀಪುಗಳೆಲ್ಲ ಹೀಗೇ. ಬೇತಾಳ ವಿಕ್ರಮನಿಗೆ ಕೇಳಿದನಲ್ಲ, ತಲೆ ಒಬ್ಬನದು, ಮುಂಡ ಇನ್ನೊಬ್ಬನದು, ಗಂಡ ಯಾರು ಅಂತ? ವಿಕ್ರಮ ತಲೆಯ ಕಡೆಗೆ ತೀರ್ಪು ಕೊಟ್ಟ. ಆರ್‌ಟಿಒ ವಿಕ್ರಮನಿಗಿಂತ ಜಾಣ. ತಲೆಯೂ ಬೇಡ, ಮುಂಡವೂ ಬೇಡ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿ ಮೂಡಬೇಕು. ಮೂಡಿದರೆ ಗಂಡ.

ಭಾವ ಮಾತ್ರ ಅಷ್ಟಕ್ಕೆ ತೃಪ್ತರಾಗುವವರಲ್ಲ. ನೀಟಾಗಿ ಓಡುತ್ತಿದ್ದ ಡೀಸೆಲ್ ಎಂಜಿನ್ ಇಳಿಸಿಸಿ, ಜೆ.ಸಿ. ರಸ್ತೆ, ಶಿವಾಜಿನಗರ ಎಲ್ಲ ಅಲೆದು, 2.2 ಲೀಟರಿನ 60 ಅಶ್ವಶಕ್ತಿಯ ಮೂಲ ಪೆಟ್ರೋಲ್ ಎಂಜಿನ್ ಹಾಕಿಸಿದರು. 12 ವೋಲ್ಟಿನ ವೈರಿಂಗ್ ಕೀಳಿಸಿ ಮೂಲದ 6 ವೋಲ್ಟು ಮಾಡಿಸಿದರು. ಈಗ ಹೆಡ್‌ಲೈಟ್ ಹಾಕಿದರೆ ಹೆಡ್‌ಲೈಟ್ ಇದೆ ಎಂಬುದಷ್ಟೇ ಕಾಣುತ್ತದೆ, ದಾರಿ ಕಾಣುವುದಿಲ್ಲ. ವೈಪರನ್ನು ಕೈಯಲ್ಲೇ ಆಡಿಸಬೇಕು, ಅದೂ ಮೂಲರೂಪ. ಮೇಸ್ತ್ರಿ ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತಾ, “ಸಾರ್, ನನ್ನ ಅಪ್ಪ ಇಡೀ ಜೀವಮಾನ ಕಷ್ಟಪಟ್ಟು ಇಂಥ ಜೀಪುಗಳನ್ನು ಓಡೋ ಹಂಗೆ ಮಾಡಿದ್ರು. ನಾನು ಅದನ್ನೆಲ್ಲ ವಾಪಸ್ ಬಿಚ್ಚಿ ದುಡ್ಡು ಮಾಡ್ತಿದೀನಿ” ಅಂದ. ಇಳಿಸಿದ ಮ್ಯಾಟಡೋರ್ ಎಂಜಿನ್ ಈಗ ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸುತ್ತಿದೆ. ಹೂ ಮಳೆ ಕೈಕೊಟ್ಟ ವರ್ಷ ನಮ್ಮ ಕಾಫಿ ಗಿಡ ಹೂ ಬಿಟ್ಟಿದ್ದು ಭಾವನ ಪರಂಪರೆಯ ಪ್ರೀತಿಯಿಂದ.

ಕಳೆದ ಮಳೆಗಾಲದಲ್ಲಿ ಭಾವ ಮತ್ತು ಅವರ ಸ್ನೇಹಿತರು ನಮ್ಮ ಕಡೆ ಆಫ್‌ರೋಡ್ ರ‍್ಯಾಲಿ ಇಟ್ಟುಕೊಂಡರು. ‘ಟ್ರ್ಯಾಕ್’ ಎಂದು ಅವರು ನಕ್ಷೆಯಲ್ಲಿ ಕೆಂಪು ಗೆರೆ ಎಳೆದದ್ದು ನಮ್ಮ ಮನೆಗೆ ಹೋಗುವ ದಾರಿ. ನಾವು ಅದನ್ನು ರೋಡು ಅನ್ನುತ್ತೇವೆ. ಹಾಲಿನ ಕ್ಯಾನು, ಗರ್ಭಿಣಿಯರು, ಗ್ಯಾಸ್ ಸಿಲಿಂಡರು ಎಲ್ಲ ಹೋಗುವುದು ಅದರಲ್ಲೇ. ಡಾಂಬರು ಹಾಕಿ ಎಂದು ನಾವು ಕೊಟ್ಟ ಅರ್ಜಿಗಳನ್ನು ಒಂದರ ಮೇಲೊಂದು ಹಾಸಿದ್ದರೆ ಇಷ್ಟು ಹೊತ್ತಿಗೆ ಗುಂಡಿ ಮುಚ್ಚಿಹೋಗಿರುತ್ತಿತ್ತು. ಭಾವ ಎರಡನೆಯ ತಿರುವಿನ ಕೆಸರಿನ ಗುಂಡಿಯ ಮುಂದೆ ಕೈಕಟ್ಟಿ ನಿಂತು, ದೇವರನ್ನು ಕಂಡವರ ಹಾಗೆ, “ಇದಕ್ಕೆ ಡಾಂಬರು ಗಿಂಬರು ಹಾಕಿಸಿಬಿಡಬೇಡ ಮಾರಾಯ” ಎಂದರು. ರಸ್ತೆ ಮಾಡಿಸುತ್ತೇನೆಂದು ಮೂರು ಚುನಾವಣೆ ಗೆದ್ದ ನಾಯಕರೊಬ್ಬರು ಬಂದು ಅದೇ ಗುಂಡಿಯ ಪಕ್ಕದಲ್ಲಿ ಹಸಿರು ಬಾವುಟ ಆಡಿಸಿದರು. ಸಾಹಸ ಪ್ರವಾಸೋದ್ಯಮಕ್ಕೆ ತಮ್ಮ ಕ್ಷೇತ್ರದ ಕೊಡುಗೆ ದೊಡ್ಡದು ಅಂದರು. ಸುಳ್ಳಲ್ಲ. ಆ ಗುಂಡಿ ಅವರ ಸ್ವಂತ ಕೊಡುಗೆ.

ಭಾವನ ಜೀಪು ಬೆಂಗಳೂರಿನಿಂದ ಬಂದದ್ದು ಲಾರಿಯ ಮೇಲೆ, ಟಾರ್ಪಾಲು ಹೊದ್ದುಕೊಂಡು. ಹೆದ್ದಾರಿಯಲ್ಲಿ ಇಳಿಸಿದರು, ಗಂಧದ ಹಾರ ಹಾಕಿದರು, ಫೋಟೋ ತೆಗೆದರು. ಮಳೆ ಶುರುವಾಯಿತು. ಭಾವ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ವೈಪರ್ ಹಿಡಿದು ಒಂದೂವರೆ ಕಿಲೋಮೀಟರ್ ಬಂದರು. ಗೇರು ಹಾಕಲು ಮೂರನೆಯ ಕೈ ಇರಲಿಲ್ಲ. ಮೊದಲ ತಿರುವಿಗೂ ಮುಂಚೆ ನಿಂತ ಎಂಜಿನ್ ಮತ್ತೆ ಏಳಲಿಲ್ಲ, 6 ವೋಲ್ಟು ಖಾಲಿ. ಕೆಸರಿನ ಗುಂಡಿ ಇನ್ನೂ ದೂರದಲ್ಲೇ ಇತ್ತು. ನಾನು ಹಾಲು ಹಾಕಿ ಬರುತ್ತಿದ್ದವನು ನಮ್ಮ 540ಕ್ಕೆ ಹಗ್ಗ ಕಟ್ಟಿ, ಫೋರ್‌ ವೀಲ್ ಹಾಕಿ, ವಾಪಸ್ ಲಾರಿಯ ಕಡೆ ಎಳೆಯತೊಡಗಿದೆ.

ಹೆದ್ದಾರಿಯ ಬಾಯಲ್ಲಿ ಕಾನ್‌ಸ್ಟೆಬಲ್ ಒಬ್ಬರು ಕೈ ತೋರಿಸಿದರು. ಮೊದಲು ಹಿಂದಿನ ಜೀಪಿನ ಹತ್ತಿರ ಹೋದರು. ವಿಎ ಪ್ಲೇಟು ಓದಿದರು. ಭಾವ, “ಬರುವಾಗ ರ‍್ಯಾಲಿಗೆ ಸಾರ್, ಈಗ ರಿಪೇರಿಗೆ” ಎಂದರು. ಎರಡೂ ಕಾನೂನಿನಲ್ಲಿದೆ. ಅವರು ಬಾನೆಟ್ ಸವರಿ, “ಏನು ಚೆನ್ನಾಗಿ ಇಟ್ಕೊಂಡಿದೀರ ಸಾರ್” ಎಂದು ಪಕ್ಕದಲ್ಲಿ ನಿಂತು ಒಂದು ಸೆಲ್ಫಿ ತೆಗೆದುಕೊಂಡರು. ಆಮೇಲೆ ನನ್ನ ಕಡೆ ಬಂದರು.

“ಆರ್‌ಸಿ ಕೊಡಿ.”

ಕೊಟ್ಟೆ. 2027ರ ತನಕ ಇದೆ. ಆರ್‌ಸಿ ನೋಡಿದರು, ಜೀಪು ನೋಡಿದರು, ಮತ್ತೆ ಆರ್‌ಸಿ ನೋಡಿದರು. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಗಾಡಿಯನ್ನು ಬೇಕಾದ ಹಾಗೆ ಬದಲಾಯಿಸುವಂತಿಲ್ಲ, ಗೊತ್ತಲ್ಲ ಅಂದರು. ಗೊತ್ತು ಸಾರ್, ಏನೂ ಬದಲಾಯಿಸಿಲ್ಲ ಅಂದೆ.

“ಇದರಲ್ಲಿ ಬಣ್ಣ ಬಿಳಿ ಅಂತಿದೆಯಲ್ರೀ. ಗಾಡಿ ಕೆಂಪಗಿದೆ?”

ಇಳಿದು ಬಾಗಿಲ ಹತ್ತಿರ ಹೋದೆ. ಉಗುರಲ್ಲಿ ಕೆರೆದೆ, ಒಣಗಿದ್ದ ಪದರ ಒಂದು ಉದುರಿತು. ಅದರ ಕೆಳಗೆ ಹೋದ ವರ್ಷದ ಕೆಸರು ಇತ್ತು. ಜೇಬಿನಿಂದ ಬೀಗದಕೈ ತೆಗೆದು ಮತ್ತೆ ಕೆರೆಯಲು ಶುರು ಮಾಡಿದೆ. ಅವರು ಆರ್‌ಸಿ ಹಿಡಿದುಕೊಂಡು ಕಾಯುತ್ತಾ ನಿಂತರು.